ಹದಿನೇಳನೆಯ ನಿಮಿಷದವರೆಗೆ

ಮೋಲೊ, ಇಲೊಯ್ಲೊ
ನವೆಂಬರ್ ೩

ಪ್ರೀತಿಯ ಮಾರೆ ದೆಲ್ಫಿನಾ,

ಮೊನ್ನೆ ಸಮಾಧಿ ತೊಳೆಯುವ ದಿನ ನಿನ್ನ ಪಕ್ಕದಲ್ಲೇ ಕೂತಿದ್ದು ಒಂದು ಮಾತೂ ನೆಟ್ಟಗೆ ಆಡದೆ ಎದ್ದು ಬಂದೆ. ದೋಣಿ ತಪ್ಪಿಹೋಗುತ್ತದೆ ಅಂದೆನಲ್ಲ, ಅದು ನೆಪ. ದೋಣಿಗೆ ಇನ್ನೂ ಎರಡು ಗಂಟೆಯಿತ್ತು. ಅಷ್ಟು ಹೊತ್ತೂ ಜೆಟ್ಟಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ.

ರೊಡೆಲಿಯೊನ ಸಮಾಧಿಗೆ ಯಾರೋ ಡಾಂಬರು ಬಳಿದಿದ್ದರು. ನೀನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜುತ್ತಿದ್ದೆ. ನಿನ್ನ ಮಗಳು ಜೊವಿ, ಇದು ತನ್ನ ಅಪ್ಪನದಲ್ಲ ಎನ್ನುವ ಹಾಗೆ, ಬೇರೆ ಯಾರದೋ ಸಮಾಧಿಗೆ ಒರಗಿ ಫೋನು ನೋಡುತ್ತಿದ್ದಳು. ಅವಳ ಜ್ಞಾನಸ್ನಾನದಲ್ಲಿ ಮೋಂಬತ್ತಿ ಹಿಡಿದು ನಿಂತ ಜ್ಞಾನತಾಯಿ ನಾನು; ನಾವಿಬ್ಬರೂ ಒಬ್ಬರಿಗೊಬ್ಬರು 'ಮಾರೆ' ಆದದ್ದು ಆವತ್ತಿನಿಂದಲೇ. ಆದರೂ ಅವಳನ್ನು ಹತ್ತಿರ ಕರೆಯಲಿಲ್ಲ. ಆಗ ನೀನು ತಲೆಯೆತ್ತದೆ ಹೇಳಿದೆ:

"ಬಳಿದವರ ಮೇಲೆ ನನಗೆ ಸಿಟ್ಟಿಲ್ಲ ಮಾರೆ. ನೂರ ಹನ್ನೆರಡು ಜನ ಹೋದ್ರು. ಒಂದು ಕರೆ ಕೊಡೋಕೆ ಇವನಿಗೆ ಕೈ ಇರಲಿಲ್ವಾ?"

ಅದಕ್ಕೆ ಉತ್ತರ ಎರಡು ವರ್ಷದಿಂದ ನನ್ನ ಹತ್ತಿರ ಇದೆ. ಅವನು ಕರೆ ಕೊಟ್ಟಿದ್ದ, ಮಾರೆ. ಅದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೇನೆ.

ಈ ಪತ್ರದ ಜೊತೆ ಇರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ಮೊದಲು ಪೂರ್ತಿ ಓದು.

ಒಳಗೆ ಸೋಪಿನ ಗಾತ್ರದ ಒಂದು ಕಪ್ಪು ಡಬ್ಬಿ ಇದೆ. ನಿನಗೆ ಗುರುತು ಸಿಗುತ್ತದೆ. ಮೂರು ವರ್ಷದ ಹಿಂದೆ ರಜೆಯಲ್ಲಿ ಬಂದಾಗ ರೊಡೆಲಿಯೊ ಮನಿಲಾದಿಂದ ನನಗೆ ತಂದುಕೊಟ್ಟದ್ದು. ಕೋರ್ಟು ಕಚೇರಿಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ನನ್ನ ಕೆಲಸ ಅವನಿಗೆ ಯಾವಾಗಲೂ ತಮಾಷೆಯ ವಿಷಯ. ನಾನು ಲ್ಯಾಪ್‌ಟಾಪಿಗೆ ನೇರವಾಗಿ ಇಯರ್‌ಫೋನ್ ಚುಚ್ಚಿ, ದನಿಯನ್ನು ತುದಿಯವರೆಗೆ ಏರಿಸಿ ಕೂತಿರುವುದನ್ನು ನೋಡಿ, "ಹೀಗೇ ಜೋರು ಮಾಡ್ತಾ ಹೋದ್ರೆ ಐವತ್ತಕ್ಕೆ ಕಿವುಡಿ ಆಗ್ತೀಯ ಮಾರೆ. ಆಮೇಲೆ ನೀಲೊ ಬೈದದ್ದೂ ಕೇಳಿಸಲ್ಲ, ಪಾಪ, ಬೈಯೋ ಸುಖಾನೂ ಹೋಗುತ್ತೆ ಅವನಿಗೆ" ಅಂದಿದ್ದ. ನನ್ನ ಗಂಡ ಪಕ್ಕದಲ್ಲೇ ಬಿಯರ್ ಹಿಡಿದು ನಗುತ್ತಿದ್ದ. ನೀನು ಅಡುಗೆಮನೆಯಿಂದ ಕರಿದ ಮೀನು ತಂದಿಟ್ಟೆ.

ಅದು ಏನು ಮಾಡುತ್ತದೆ ಎಂದು ಅವನು ಆವತ್ತೇ ತಿಳಿಸಿದ್ದ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ದನಿ ಬರಿಯ ಅಂಕಿಗಳಂತೆ. ಅದನ್ನು ಒಳಗೇ ದನಿಯಾಗಿಸಿದರೆ ಯಂತ್ರದ ಗುಯ್‌ಗುಟ್ಟುವಿಕೆಯೆಲ್ಲ ಅದರೊಂದಿಗೆ ಬೆರೆಯುತ್ತದೆ. ಈ ಡಬ್ಬಿ ಅಂಕಿಗಳನ್ನು ಹೊರಗೆ ತೆಗೆದುಕೊಂಡು, ತನ್ನಲ್ಲಿ ದನಿ ಮಾಡಿ, ಕಸುವು ತುಂಬಿ ಹೆಡ್‌ಫೋನಿಗೆ ಕೊಡುತ್ತದೆ. ಹಡಗಿನ ರೇಡಿಯೊದ ಮುಂದೆ ಹದಿನೆಂಟು ವರ್ಷ ಕೂತವನು ಅವನು. ಗದ್ದಲದ ಕೆಳಗಿರುವ ಮಾತು ಹೆಕ್ಕುವುದು ಹೇಗೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನ ಹಡಗು 'ಸಾಂತಾ ಬ್ರಿಹಿದಾ' ಮುಳುಗಿ ನಾಲ್ಕು ತಿಂಗಳಾದ ಮೇಲೆ ಆ ಧ್ವನಿಮುದ್ರಣ ನಮ್ಮ ಆಫೀಸಿಗೆ ಬಂತು. ಆ ದಿನ ತುಂಬ ದೂರದಲ್ಲಿ ಹೋಗುತ್ತಿದ್ದ ಒಂದು ಸರಕು ಹಡಗಿನ ರೇಡಿಯೊದಲ್ಲಿ ತಾನಾಗಿ ದಾಖಲಾಗಿದ್ದದ್ದು. ಇಪ್ಪತ್ತೆರಡು ನಿಮಿಷ. ವಿಚಾರಣಾ ಸಮಿತಿಯವರು ಕೇಳಿದಾಗ ಬರಿಯ ಮರಳು ಸುರಿದ ಹಾಗೆ ಸದ್ದು. ಏನಾದರೂ ಸಿಕ್ಕೀತು ಎಂದು ನಮಗೆ ಕಳಿಸಿದರು, ಮೇಲ್ವಿಚಾರಕರಾದ ಗಾಲ್ವೇಸ್ ಅದನ್ನು ನನ್ನ ಮೇಜಿಗೆ ತಂದಿಟ್ಟರು. ಅದರಲ್ಲಿದ್ದವನು ನನ್ನ ಕುಂಪಾರೆ, ನನ್ನ ಜ್ಞಾನಮಗಳ ಅಪ್ಪ ಎಂದು ನಾನು ಹೇಳಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಹೇಳಲಿಲ್ಲ. ಅವನ ದನಿ ಇನ್ನೊಮ್ಮೆ ಕೇಳಬೇಕು ಅನ್ನಿಸಿತ್ತು, ಅಷ್ಟೆ.

ಕೇಳಿಸಿತು. ನಾಲ್ಕನೆಯ ನಿಮಿಷದಿಂದ ಅವನು ಕಂಪನಿಯ ಆಫೀಸನ್ನು ಕರೆಯುತ್ತಾನೆ. ಯಂತ್ರದ ಕೋಣೆಗೆ ನೀರು ನುಗ್ಗಿದೆ, ಅಪಾಯದ ಕರೆ ಕೊಡಲೇ ಎಂದು ಕ್ಯಾಪ್ಟನ್ ಕೇಳುತ್ತಿದ್ದಾರೆ ಎನ್ನುತ್ತಾನೆ. ದಡದಿಂದ ಒಂದು ದನಿ ಉತ್ತರಿಸುತ್ತದೆ. ಕೊಡಬೇಡ, ನಮ್ಮದೇ ದೋಣಿ ಹೊರಟಿದೆ, ಕಾಯಿ. ಯಾಕೆಂದು ನಿನಗೆ ಗೊತ್ತು. ಪಟ್ಟಿಯಲ್ಲಿದ್ದದ್ದಕ್ಕಿಂತ ಎಂಬತ್ತು ಜನ ಹೆಚ್ಚು ಹತ್ತಿದ್ದರು, ಹೊರಗಿನವರು ಬಂದರೆ ತಲೆ ಎಣಿಸುತ್ತಿದ್ದರು. ದೋಣಿ ಯಾವುದೂ ಹೊರಟಿರಲಿಲ್ಲ. ಹದಿಮೂರನೆಯ ನಿಮಿಷದೊಳಗೆ ರೊಡೆಲಿಯೊ ಏಳು ಸಲ ಕೇಳುತ್ತಾನೆ. ಏಳು ಸಲವೂ ಅದೇ ಉತ್ತರ. ಕೊನೆಗೆ ಅವನು ಹೇಳುವುದು ಇದು, ನಾನು ಬರೆದಿಟ್ಟುಕೊಂಡಿದ್ದೇನೆ: "ಸರ್, ಮಕ್ಕಳಿದ್ದಾರೆ ಇಲ್ಲಿ. ಇನ್ನು ನಾನು ಕಾಯಲ್ಲ." ಆಮೇಲೆ ಹಡಗಿನ ಹೆಸರು, ಎಲ್ಲಿದ್ದೇವೆ ಎನ್ನುವ ಲೆಕ್ಕ, ಎಷ್ಟು ಜನ ಎನ್ನುವ ನಿಜವಾದ ಸಂಖ್ಯೆ, ಎರಡೆರಡು ಸಲ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ. ಅಷ್ಟರಲ್ಲಿ ಬ್ಯಾಟರಿ ಸೋತಿತ್ತು. ನೆರವಿಗೆ ಬರಬಲ್ಲ ಯಾರ ಕಿವಿಗೂ ಅದು ಮುಟ್ಟಲಿಲ್ಲ; ಆ ಸರಕು ಹಡಗಿನ ಯಂತ್ರ ಮಾತ್ರ ಗದ್ದಲದ ಕೆಳಗೆ ಅದನ್ನು ಹಿಡಿದಿತ್ತು.

ಆ ದಡದ ದನಿ ಯಾರದೆಂದು ನನಗೆ ಗೊತ್ತಿಲ್ಲ. ಆವತ್ತು ಪಾಳಿಯಲ್ಲಿ ಮೂವರಿದ್ದರಂತೆ. ಯಾವ ಕರೆಯೂ ಬರಲಿಲ್ಲ ಎಂದು ಮೂವರೂ ಸಮಿತಿಯ ಮುಂದೆ ಪ್ರಮಾಣ ಮಾಡಿದರು.

ನಾನು ಹನ್ನೊಂದು ಪುಟ ಬರೆದೆ. ಆದರೆ ಗಾಲ್ವೇಸ್ ಅದನ್ನು ಒಪ್ಪಲಿಲ್ಲ. ಆಫೀಸಿನ ಸ್ಪೀಕರಿನಲ್ಲಿ ಬೇರೆಯವರಿಗೆ ಕೇಳಿಸದ್ದನ್ನು ಬರೆಯುವಂತಿಲ್ಲ ಎಂದರು. ಹಾಗಾಗಿ ಸಮಿತಿಗೆ ಹೋದದ್ದು ಒಂದೇ ಪುಟ. ಅದರ ತುಂಬ 'ಸ್ಪಷ್ಟವಿಲ್ಲ', 'ಸ್ಪಷ್ಟವಿಲ್ಲ' ಎಂದೇ ಇತ್ತು. ರೇಡಿಯೊದವನು ಕರೆ ಕೊಡದೆ ಕರ್ತವ್ಯ ಮರೆತ ಎಂದು ಅವರು ತೀರ್ಪು ಬರೆದದ್ದು ಆ ಪುಟದ ಮೇಲೆಯೇ.

ಈಗ ಡಬ್ಬಿಯ ವಿಷಯ. ಅದರ ಜೊತೆಗಿಟ್ಟಿರುವ ಸಣ್ಣ ಮೆಮೊರಿ ಕಾರ್ಡಿನಲ್ಲಿ ಧ್ವನಿಮುದ್ರಣದ ಪ್ರತಿ ಇದೆ. ಫೋನಿಗೆ ಹಾಕಿಕೊಡಲು ಜೊವಿಗೆ ಹೇಳು, ಆದರೆ ಮೊದಲ ಸಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡ. ಗಿಡ್ಡ ವೈರಿನ ಒಂದು ತುದಿ ಫೋನಿಗೆ, ಇನ್ನೊಂದು ಡಬ್ಬಿಗೆ. ದುಂಡು ತಿರುಗುಣಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಇಳಿಸಿದ ಮೇಲೆಯೇ ಹೆಡ್‌ಫೋನ್ ಹಾಕಿಕೋ. ಇಲ್ಲವಾದರೆ ಟಪ್ಪೆಂದು ಕಿವಿಗೆ ಹೊಡೆಯುತ್ತದೆ. ಫೋನಿನ ದನಿ ಪೂರ್ತಿ ಮೇಲಿರಲಿ, ಏರಿಸುವುದು ಇಳಿಸುವುದು ಡಬ್ಬಿಯಲ್ಲಿ ಮಾತ್ರ. ಬದಿಯಲ್ಲಿ ಒಂದು ಪುಟ್ಟ ಗುಂಡಿ ಇದೆ. ಅದನ್ನು ಕೆಳಗೇ ಬಿಡು, ಮೇಲೆ ಮಾಡಿದರೆ ಕಸುವು ಹೆಚ್ಚಾಗಿ ಮರಳಿನ ಸದ್ದೂ ಹೆಚ್ಚುತ್ತದೆ. ಚಾರ್ಜಿಗೆ ಹಾಕಿಕೊಂಡೇ ಕೇಳಬೇಡ, ಕರೆಂಟಿನ ಗುಂಯ್ ಸೇರಿಕೊಳ್ಳುತ್ತದೆ. ಮೊದಲ ಮೂರು ನಿಮಿಷ ಏನೂ ಕೇಳಿಸುವುದಿಲ್ಲ. ಅವಸರಪಟ್ಟು ಜೋರು ಮಾಡಬೇಡ. ಕಿವಿ ಆ ಗದ್ದಲಕ್ಕೆ ಒಗ್ಗಿದ ಮೇಲೆ ಅದು ಹಿಂದೆ ಸರಿಯುತ್ತದೆ, ಅವನು ಮುಂದೆ ಬರುತ್ತಾನೆ. ಸ್ವಲ್ಪ ಬಲಗಿವಿಯ ಕಡೆಗೆ ಬರುತ್ತಾನೆ.

ಹದಿನೇಳನೆಯ ನಿಮಿಷಕ್ಕೆ ನಿಲ್ಲಿಸು. ಅದರ ಮುಂದೆ ಮಾತಿಲ್ಲ. ಅದರ ಮುಂದೆ ಇರುವುದನ್ನು ನಾನು ಕೇಳಿದ್ದೇನೆ, ನೀನು ಕೇಳುವುದು ಬೇಡ. ನನ್ನ ಮೇಲಾಣೆ ಎನ್ನುವ ಹಕ್ಕು ನನಗೀಗ ಇಲ್ಲ. ಜೊವಿಯ ಮೇಲಾಣೆ.

ಇಷ್ಟು ಬರೆದು ಎದ್ದು ಹೋಗಿ ಅಂಗಳ ಗುಡಿಸಿ ಬಂದೆ. ಹಿಂದಿನ ಹಾಳೆಯನ್ನು ಹರಿದು ಹೊಸದಾಗಿ ಬರೆಯೋಣ ಅಂದುಕೊಂಡೆ. ಬೇಡ, ನಾನು ಎಂಥವಳೆಂದು ಆ ಹಾಳೆಯಿಂದಲೂ ನಿನಗೆ ತಿಳಿಯಲಿ.

ಗಾಲ್ವೇಸ್ ವಿಷಯದಲ್ಲಿ ಬರೆದದ್ದು ಸುಳ್ಳು. ಅವರು ನನ್ನ ಹನ್ನೊಂದು ಪುಟ ನೋಡಿಯೇ ಇಲ್ಲ. ನಾನು ತೋರಿಸಲಿಲ್ಲ. ಅವರೇ ಮೇಜಿನ ಹತ್ತಿರ ಬಂದು, ಕುರ್ಚಿ ಎಳೆದುಕೊಂಡು ಕೂತು, ನಮಗ್ಯಾರಿಗೂ ಏನೂ ಸಿಗಲಿಲ್ಲ ಎಂದರು. "ನಿನ್ನ ಕಿವಿ ಮೇಲೆ ನನಗೆ ನಂಬಿಕೆ ಇದೆ ಪರ್ಲಿ. ಒಂದು ಶಬ್ದ ಕೇಳಿಸಿದ್ರೂ ಹೇಳು, ಸಮಿತಿ ಮುಂದೆ ನಿನ್ನ ಪರ ನಾನು ನಿಲ್ತೀನಿ" ಎಂದರು. ಒಳ್ಳೆಯ ಮನುಷ್ಯ. ನಾನು ಹೆಡ್‌ಫೋನ್ ಕತ್ತಿಗಿಳಿಸಿ, ಇಲ್ಲ ಸರ್, ಬರಿಯ ಗದ್ದಲ ಎಂದೆ. ಅವರು ನಿಟ್ಟುಸಿರುಬಿಟ್ಟು ಎದ್ದು ಹೋದರು. ಆ ಒಂದು ಪುಟ ನನ್ನದೇ. 'ಸ್ಪಷ್ಟವಿಲ್ಲ' ಎಂದು ಹತ್ತೊಂಬತ್ತು ಸಲ ಟೈಪು ಮಾಡಿದ್ದು ಈ ಬೆರಳುಗಳೇ.

ಹೆದರಿದೆ ಎಂದು ಬರೆದರೆ ಸಾಲದು. ತೀರ್ಪು ಬಂದ ದಿನ ನಾನು ನಿಮ್ಮ ಮನೆಗೆ ಬಂದಿದ್ದೆ. ಅಕ್ಕಿಯ ಗಂಜಿ ಮಾಡಿ ನಿನಗೆ ಕುಡಿಸಿದೆ. ನೀನು ಗೋಡೆಯಿಂದ ಅವನ ಫೋಟೊ ಇಳಿಸಿ ಬಟ್ಟೆಯ ಗಂಟಿನಲ್ಲಿ ಸುತ್ತುತ್ತಿದ್ದಾಗ ಆ ಗಂಟಿಗೆ ಹುರಿ ಕಟ್ಟಲು ಬೆರಳು ಕೊಟ್ಟವಳೂ ನಾನೇ. ಬಂದರಿನ ಕಲ್ಲಿನ ಮೇಲೆ ಸತ್ತವರ ಹೆಸರು ಕೆತ್ತುವಾಗ ಉಳಿದ ಮನೆಯವರು ರೊಡೆಲಿಯೊನ ಹೆಸರು ಬೇಡ ಎಂದರು. ನೀನೂ ಬೇಡ ಎಂದೆ. ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಾನಿದ್ದೆ. ಒಂದು ವಾಕ್ಯ ಸಾಕಿತ್ತು. ಚೀಲದಲ್ಲಿ ಈ ಡಬ್ಬಿಯೂ ಇತ್ತು, ಮಾರೆ. ಯಾಕೆ ಒಯ್ದಿದ್ದೆ ಎಂದು ನನಗೇ ತಿಳಿಯದು.

ಅಂದಿನಿಂದ ಆ ಇಪ್ಪತ್ತೆರಡು ನಿಮಿಷವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೇರೆ ಕೆಲಸ ಕೈಹತ್ತುವುದಿಲ್ಲ. ಜನ ಎದುರು ನಿಂತು ಮಾತಾಡಿದರೂ ಅದರ ಕೆಳಗೆ ಇನ್ನೊಂದು ಮಾತಿದೆಯೇನೋ ಎಂದು ಕಿವಿ ಹುಡುಕುತ್ತದೆ. ಎಡಗಿವಿ ಮಂದವಾಗಿದೆ ಎಂದು ಡಾಕ್ಟರು ಹೇಳಿದರು. ಹೋಗಲಿ.

ಪೊಟ್ಟಣದ ತಳದಲ್ಲಿ ಒಂದು ಲಕೋಟೆ ಇದೆ. ನನ್ನ ಹನ್ನೊಂದು ಪುಟ, ಅದರ ಜೊತೆ ನಿನ್ನೆ ವಕೀಲೆ ತಿಂಗ್ಸನ್ ಅವರ ಮುಂದೆ ಸಹಿ ಮಾಡಿದ ಪ್ರಮಾಣಪತ್ರ. ಕೇಳಿದ್ದೇನು, ಮುಚ್ಚಿಟ್ಟದ್ದೇನು, ಎರಡೂ ಅದರಲ್ಲಿವೆ. ಅದನ್ನು ಒಯ್ದು ಅವರಿಗೇ ಕೊಟ್ಟರೆ ವಿಚಾರಣೆ ಮತ್ತೆ ತೆರೆಸಬಹುದು ಎಂದಿದ್ದಾರೆ. ನನಗೆ ಸಜೆ ಆಗಬಹುದು ಎಂದೂ ಹೇಳಿದರು, ಮುಚ್ಚುಮರೆ ಮಾಡಲಿಲ್ಲ. ಕೊಡುವುದೂ ಬಿಡುವುದೂ ನಿನ್ನ ಇಷ್ಟ. ನನ್ನನ್ನು ನೋಡಿ ಕನಿಕರಪಟ್ಟು ಬಿಟ್ಟುಬಿಡಬೇಡ.

ಕ್ಷಮಿಸು ಎಂದು ಬರೆಯುವುದಿಲ್ಲ. ನೀನು ಉತ್ತರ ಬರೆಯಬೇಕಾಗಿಯೂ ಇಲ್ಲ. ಡಾಂಬರು ಪೂರ್ತಿ ಹೋಗದಿದ್ದರೆ ತೆಂಗಿನೆಣ್ಣೆ ಸವರಿ ಒಂದು ದಿನ ಬಿಟ್ಟು ಉಜ್ಜು. ಜೊವಿಯ ಕೈಗೂ ಒಂದು ಬಟ್ಟೆ ಕೊಡು.

ಇನ್ನು ಮಾರೆ ಎಂದು ಕರೆಸಿಕೊಳ್ಳಲು ಅರ್ಹಳಲ್ಲದ,
ಪರ್ಲಿತಾ ಸುಮಗೈಸೈ

ಮರೆತ ಮಾತು: ದಡದ ದನಿ ಯಾರದೆಂದು ಗೊತ್ತಿಲ್ಲ ಎಂದು ಬರೆದೆ. ನೀನು ಡಬ್ಬಿ ಹಚ್ಚಿದ ಕೂಡಲೇ ಗುರುತಿಸುತ್ತೀ, ಅದಕ್ಕಿಂತ ಮೊದಲು ನಾನೇ ಹೇಳಬೇಕು. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಆ ಗಂಡಸು ನನ್ನ ನೀಲೊ. ಕಂಪನಿಯ ಆಫೀಸಿನಲ್ಲಿ ಆವತ್ತಿನ ಪಾಳಿಯ ಮೂವರಲ್ಲಿ ರೇಡಿಯೊ ಹಿಡಿದವನು ಅವನೇ. ಮಾಲೀಕರು ಫೋನಿನಲ್ಲಿ ಹೇಳಿದ್ದನ್ನು ಅವನು ರೇಡಿಯೊದಲ್ಲಿ ಹೇಳಿದ, ಏಳು ಸಲ. ಆಮೇಲೆ ರೊಡೆಲಿಯೊನ ಪೆಟ್ಟಿಗೆಗೆ ಹೆಗಲನ್ನೂ ಕೊಟ್ಟ. ಪ್ರಮಾಣಪತ್ರದಲ್ಲಿ ಅವನ ಹೆಸರು ಬರೆದಿದ್ದೇನೆ. ಇವತ್ತು ಸಂಜೆ ಅವನಿಗೆ ಹೇಳುತ್ತೇನೆ. ಈ ಎರಡು ವರ್ಷದಲ್ಲಿ ಅವನು ಒಂದೇ ಸಲ ಕೇಳಿದ್ದ, ಆ ಧ್ವನಿಮುದ್ರಣದಲ್ಲಿ ಏನಾದರೂ ಇತ್ತಾ ಎಂದು. ಬರಿಯ ಗದ್ದಲ ಎಂದೆ. ಆವತ್ತು ಮಧ್ಯಾಹ್ನ ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಬಡಿಸಿದವಳು ನಾನೇ.