ಸಭೆಯಲ್ಲಿ ಕೂಗಿದ ಹೆಸರು

ಸನತ್‌ನಗರ, ಹೈದರಾಬಾದ್
೩ ಸೆಪ್ಟೆಂಬರ್ ೨೦೨೫

ಪೂಜ್ಯ ಭಾವನವರಾದ ಶಿವಶರಣಪ್ಪನವರಿಗೆ ಸುವರ್ಣಾಳ ನಮಸ್ಕಾರ.

ನಿಮ್ಮ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಗಂಗಾಬಾಯಿ ಅಕ್ಕನ ಮೊಣಕಾಲು ಹೇಗಿದೆ? ಎಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿ, ನನಗೆ ಅದರಿಂದಲೇ ಗುಣವಾಯಿತು. ಇಲ್ಲಿ ಗಣಪತಿ ಪೆಂಡಾಲಿನ ಸದ್ದಿಗೆ ಮನೆಯ ಮಾತು ಮನೆಯವರಿಗೇ ಕೇಳಿಸುವುದಿಲ್ಲ. ಅಲ್ಲದೆ ಫೋನು ಮಾಡಿದರೆ ನೀವು ಸ್ಪೀಕರ್ ಹಾಕಿ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸುತ್ತೀರಿ. ಅದಕ್ಕೇ ಕಾಗದ. ದಿನಾ ಡೈರಿಯಲ್ಲಿ ನಾಲ್ಕು ಸಾಲು ಬರೆಯುವವಳು ನಾನು, ಬಾಯಿಗಿಂತ ಕೈಗೇ ಮಾತು ಬೇಗ ಬರುತ್ತದೆ.

ಮೊನ್ನೆ ಭಾನುವಾರ ನಮ್ಮ ಹೊಲವನ್ನು ಲಾವಣಿಗೆ ಹಿಡಿದು ಉತ್ತು ಬಿತ್ತುವ ಯಂಕಮ್ಮ ತಾಂಡೂರಿನಿಂದ ರೈಲು ಹಿಡಿದು ಬಂದಿದ್ದಳು, ತಲೆಯ ಮೇಲೆ ಹೊಸ ಹೆಸರುಕಾಳಿನ ಗಂಟು. ಬಾಗಿಲಲ್ಲೇ ನಿಂತು, “ಎಲ್ಲದಾರ ಚಂದ್ರಾಮಣ್ಣಾರು? ಪಟ್ನದ ನೀರು ಕುಡದು ನನ್ನ ಮರತಾರೇನು? ಕರೀರಿ ಹೊರಗ!” ಎಂದು ಜೋರು ಮಾಡಿದಳು. ನನಗೆ ಮೊದಲು ಅನುಮಾನ ಬಂದದ್ದು ಅವಳ ಮೇಲೆಯೇ. ಅವಳು ಬಿಟ್ಟು ಹೋದಳು, ಹೊಲ ಬೀಳು ಬಿದ್ದಿದೆ ಎಂದು ನೀವೇ ಹೇಳಿದ್ದಿರಲ್ಲ. ಈಗ ಯಾವ ಹಕ್ಕು ಕೇಳಲು ಬಂದಳೋ ಎಂದು ನೀರನ್ನೂ ಕೊಡಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಗೋಡೆಯಲ್ಲಿದ್ದ ನಮ್ಮ ಮನೆಯವರ ಫೋಟೋದ ಮೇಲೆ, ಅದರ ಹಾರದ ಮೇಲೆ ಬಿತ್ತು. ಗಂಟನ್ನೂ ಇಳಿಸದೆ ಹೊಸ್ತಿಲ ಮೇಲೆ ಕೂತಳು. “ಯಾವಾಗರಿ ಯವ್ವಾ?” ಅಂದಳು. ಯುಗಾದಿ ಮುಗಿದ ವಾರ ಎಂದೆ. ಊರಿಗೆ ಸುದ್ದಿ ನಾನೇ ಮುಟ್ಟಿಸುತ್ತೇನೆ ಎಂದು ಮಣ್ಣು ಮಾಡಿದ ದಿನ ನೀವು ಹೇಳಿದ್ದಿರಿ. ಅಲ್ಲಿ ನಮ್ಮವರೆಂದು ಇರುವುದು ನೀವೊಬ್ಬರೇ, ನಂಬಿದ್ದೆ.

ಸರ್ಕಾರದ ರೈತು ಭರೋಸಾ ಹಣ ಖಾತೆಗೆ ಬಂದ ಮೇಲೆ ಊರಲ್ಲಿ ರೈತರ ಸಭೆ ನಡೆಯಿತಂತೆ, ಯಂಕಮ್ಮ ಹೇಳಿದಳು. ಹಣ ಮುಟ್ಟಿತೇ ಎಂದು ಒಬ್ಬೊಬ್ಬರ ಹೆಸರು ಕೂಗುವಾಗ ಇವರ ಹೆಸರೂ ಬಂತಂತೆ. ನೀವು ಎದ್ದು, “ಮುಟ್ಟೈತ್ರಿ ಸಾಹೇಬ್ರ. ನನ್ನ ತಮ್ಮ ಹೈದ್ರಾಬಾದ್‌ನಾಗ ಆರಾಮ ಅದಾನ” ಅಂದಿರಂತೆ. ಇನ್ನು ಸರ್ಕಾರ ಏನೂ ಕೊಡುವುದಿಲ್ಲ, ಖಾತೆ ಮುಚ್ಚಿಸುತ್ತೇನೆ ಎಂದು ಇವರ ಬ್ಯಾಂಕ್ ಕಾರ್ಡು ಒಯ್ದವರು ನೀವೇ ಅಲ್ಲವೇ?

ಅವಳ ಮಾತನ್ನೂ ನಾನು ಸುಮ್ಮನೆ ನಂಬಲಿಲ್ಲ. ಹೆಸರುಕಾಳು ಸಂತೆಯಲ್ಲೂ ಸಿಗುತ್ತದೆ. ಹೊಲದ ಯಾವ ಕಡೆಯದು ಎಂದು ಕೇಳಿದೆ. “ನಿಮ್ಮತ್ತಿ ಹಚ್ಚಿದ ಬೇವಿನಗಿಡದ ಬುಡದ್ದರಿ. ನೆರಳಿಗೆ ಕಾಳು ಸಣ್ಣ ಆಗ್ಯಾವ ನೋಡ್ರಿ” ಎಂದು ಮುಷ್ಟಿ ಬಿಚ್ಚಿ ತೋರಿಸಿದಳು. ಬೀಳು ಬಿದ್ದ ಹೊಲದಲ್ಲಿ ಕಾಳು ಹೇಗೆ ಬೆಳೆಯಿತು, ಭಾವನವರೇ? ಪಟ್ಟಾ ನಮ್ಮ ಹೆಸರಲ್ಲಿದೆ ಎಂದು ಸರ್ಕಾರ ನಮಗೆ ಕೊಡುತ್ತದೆ, ದುಡಿಯುವವಳಿಗೆ ಏನೂ ಇಲ್ಲ. ಅದು ಸರಿಯಲ್ಲವೆಂದು ಇವರು ಪ್ರತಿ ಹಂಗಾಮಿಗೂ ಬೀಜಕ್ಕೆಂದು ಅರ್ಧ ಅವಳ ಕೈಗಿಡುತ್ತಿದ್ದರಂತೆ. ನನಗೂ ಹೇಳಿರಲಿಲ್ಲ. ಈ ಸಲ ಅವಳು ನಿಮ್ಮನ್ನು ಕೇಳಿದ್ದಕ್ಕೆ, “ತಮ್ಮನಽ ಬ್ಯಾಡಂದಾನ, ಮುಂದಿನ ವರ್ಷ ಹೊಲಾನೂ ಬಿಡು” ಅಂದಿರಂತೆ. ಆ ಮಾತಿಗೇ ಅವಳು ಇವರೊಂದಿಗೆ ಜಗಳ ಆಡಲು ಅಷ್ಟು ದೂರ ಬಂದದ್ದು. ಜಗಳ ಬಿಟ್ಟು ಸಂಜೆಯವರೆಗೆ ಅತ್ತು ಹೋದಳು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಮಾತ್ರೆ ತಪ್ಪಿಸಬೇಡಿ.

ನಿಮ್ಮ ತಮ್ಮನ ಮನೆಯವಳು,
ಸುವರ್ಣಾ

ಮರೆತಿದ್ದೆ: ಹದಿನೈದನೇ ತಾರೀಖು ಸೋಮವಾರ ಹೊಲದ ವಿಷಯಕ್ಕೆ ತಹಶೀಲ್ ಕಚೇರಿಗೆ ಬರುತ್ತಿದ್ದೇನೆ, ಯಂಕಮ್ಮ ಜೊತೆಗಿರುತ್ತಾಳೆ. ಹೊಲ ನನ್ನ ಹೆಸರಿಗಾದರೂ ಮಾಡುವವಳು ಅವಳೇ, ಸರ್ಕಾರದ ಹಣದಲ್ಲಿ ಅರ್ಧವೂ ಅವಳದೇ. ಕಾರ್ಡು ತೆಗೆದುಕೊಂಡು ನೀವೂ ಬನ್ನಿ. ಇವರು ಇಲ್ಲ ಎಂದು ಅಲ್ಲಿ ಬಾಯಿಬಿಟ್ಟು ಹೇಳಬೇಕಂತೆ. ನನಗೆ ಆ ಮಾತು ಇನ್ನೂ ಬರುವುದಿಲ್ಲ. ಹುಟ್ಟಿದಾಗ ಇವರನ್ನು ಮೊದಲು ಎತ್ತಿಕೊಂಡವರು ನೀವಂತೆ, ನೀವೇ ಹೇಳಿ. ನೀವು ಬರದಿದ್ದರೆ ಹೇಗಾದರೂ ನಾನೇ ಹೇಳುತ್ತೇನೆ. ಆಗ ಸಭೆಯಲ್ಲಿ ಎದ್ದು ನಿಂತವರು ಯಾರೆಂಬುದನ್ನೂ ಹೇಳಬೇಕಾಗುತ್ತದೆ.