ಎರಡು ತಟ್ಟೆ, ತಿರುಗಿಸಿದ ಬೆನ್ನು

ಧಾರವಾಡ, ಫೆಬ್ರುವರಿ ೩೦, ೨೨೮೪

ಇಲಿಯ ಮಿದುಳಿಗೆ ಕಸಿ ಮಾಡುತ್ತಿರುವ ಅಮ್ಮನವರಿಗೆ ಪಾರವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಇನ್ನೂರು ವರ್ಷಕ್ಕೂ ಹಿಂದಿರುವ ನಿಮ್ಮನ್ನು ಹೇಗೆ ತಲುಪುತ್ತದೋ ನನಗೂ ತಿಳಿಯದು, ಆದರೆ ಬರೆಯದೆ ಇರಲಾರೆ.

ನಿಮ್ಮ ಇಲಿಗಳ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಮನುಷ್ಯರ ಚರ್ಮದ ಜೀವಕೋಶಗಳಿಂದ ಬೆಳೆಸಿದ ಮಿದುಳಿನ ಚೂರನ್ನು ಮರಿ ಇಲಿಯ ತಲೆಯಲ್ಲಿ ನೆಟ್ಟಿರಿ. ಆ ಚೂರಿನ ಮೇಲೆ ನೀಲಿ ಬೆಳಕು ಬಿಟ್ಟಾಗಲೆಲ್ಲ ಒಂದು ಹನಿ ನೀರು ಕೊಟ್ಟಿರಿ. ಕೊನೆಗೆ ಬೆಳಕು ಬಿದ್ದರೆ ಸಾಕು, ಇಲಿ ನೀರಿನ ನಳಿಕೆಯತ್ತ ಓಡಿತು. ಕಸಿ ಕೂಡಿತು ಎಂದು ಹಿಗ್ಗಿದಿರಿ. ಹಿಗ್ಗಬೇಕಾದ್ದೇ. ನಿಮ್ಮಿಂದಲೇ ನನ್ನ ಅಕ್ಕ ಬದುಕಿದ್ದಾಳೆ.

ಅಕ್ಕ ಗುರುಬಸವ್ವನಿಗೆ ಲಕ್ವ ಹೊಡೆದು ಮಿದುಳಿನ ಒಂದು ಮೂಲೆ ಸತ್ತಿತ್ತು. ಅಲ್ಲಿ ಅವಳ ಚರ್ಮದಿಂದಲೇ ಬೆಳೆಸಿದ ‘ಮೊಳಕೆ’ ನೆಟ್ಟರು. ಕಸಿಯ ಚೂರನ್ನು ನಾವು ಹಾಗೆನ್ನುತ್ತೇವೆ. ಮೊಳಕೆ ಬೇರುಬಿಟ್ಟ ಮೇಲೆ ನಮ್ಮಲ್ಲಿ ‘ಎರಡು ತಟ್ಟೆ’ ಎಂಬ ಶಾಸ್ತ್ರವುಂಟು. ಒಂದರಲ್ಲಿ ಆ ಮನುಷ್ಯರು ಮೊದಲು ಆಸೆಪಟ್ಟು ತಿನ್ನುತ್ತಿದ್ದದ್ದು, ಇನ್ನೊಂದರಲ್ಲಿ ಮುಟ್ಟದೆ ಇದ್ದದ್ದು. ಮನೆಯವರೆಲ್ಲ ಗೋಡೆಗೆ ಮುಖ ಮಾಡಿ ಕೂರಬೇಕು. ಯಾವುದನ್ನು ಆರಿಸಿಕೊಂಡರೂ ಅದು ಅವರದೇ ಆಸೆ ಎಂದು ಒಪ್ಪಬೇಕು.

ಅವ್ವನದು ಹೆತ್ತ ಕರುಳು, ಗೋಡೆ ಬಿಟ್ಟು ತಿರುಗಿ ನೋಡಿಬಿಟ್ಟಳು. ಅಕ್ಕನ ಕೈ ಅವಳು ಹಿಂದೆಂದೂ ಮುಟ್ಟದ ಹಾಗಲಕಾಯಿ ಪಲ್ಯದತ್ತ ಹೋದಾಗ ‘ಅಯ್ಯ ಶಿವನೇ’ ಎಂದು ಎದೆ ಹಿಡಿದುಕೊಂಡಳು. ಅದೇ ಕೈ ಕರಿಗಡಬಿನತ್ತ ಸರಿದಾಗ ಚಪ್ಪಾಳೆ ತಟ್ಟಿ ಅತ್ತಳು. ಅಂದಿನಿಂದ ಅಕ್ಕ ಕೊಟ್ಟಾಗಲೆಲ್ಲ ಕಡಬು ತಿಂದಳು. ನಮ್ಮ ಗುರುಬಸು ತಿರುಗಿ ಬಂದಳು ಎಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಹೋದ ವಾರ ಮಧ್ಯಾಹ್ನ ನಾನು ಅಡುಗೆಮನೆಗೆ ಹೋದರೆ, ಅಕ್ಕ ಒಬ್ಬಳೇ ನಿಂತು ಬೋಗುಣಿಯಿಂದಲೇ ಹಾಗಲಕಾಯಿ ತಿನ್ನುತ್ತಿದ್ದಳು. ನನ್ನನ್ನು ಕಂಡು ಕಳ್ಳಿಯ ಹಾಗೆ ಕೈ ಹಿಂದೆ ಮಾಡಿಕೊಂಡಳು. ‘ಕಡಬು ನನಗ ಸೇರೂದಿಲ್ಲ ಪಾರಿ. ತಿಂದ್ರ ಅವ್ವ ನಗತಾಳ, ಅದಕ್ಕ ತಿಂತೀನಿ. ಅಕಿಗೆ ಹೇಳಬ್ಯಾಡ’ ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಅವ್ವನ ನಗುವೇ ಅವಳಿಗೆ ನಿಮ್ಮ ಆ ಹನಿ ನೀರಾಗಿತ್ತು. ಹಳೆಯ ಗುರುಬಸುವಿನ ವೇಷ ಹಾಕಿಕೊಂಡು ಎಷ್ಟು ದಿನ ಬದುಕಿಯಾಳು? ಬೇಡವೆಂದರೂ ಅವ್ವನಿಗೆ ಹೇಳಿದೆ. ಅವ್ವ ನನಗೆ ಬಾಯಿಗೆ ಬಂದಂತೆ ಬೈದಳು, ಊಟ ಬಿಟ್ಟಳು, ಕೊನೆಗೆ ಮತ್ತೊಮ್ಮೆ ತಟ್ಟೆ ಇಡಲು ಒಪ್ಪಿದಳು.

ಅಮ್ಮಾ, ನಿಮ್ಮಲ್ಲಿ ಒಂದೇ ಬೇಡಿಕೆ. ಆ ಇಲಿ ನಿಮ್ಮ ಬಹುಮಾನಕ್ಕಾಗಿ ಓಡುವುದನ್ನು ಬೇಕಾದಷ್ಟು ನೋಡಿದ್ದೀರಿ. ಒಂದು ದಿನ ನಳಿಕೆ ಮುಚ್ಚಿ, ಬೆಳಕು ಆರಿಸಿ, ಅದು ತಾನಾಗಿ ಎತ್ತ ಹೋಗುತ್ತದೋ ಬಿಟ್ಟುಬಿಡಿ. ಇಲಿ ಕಲಿತದ್ದರಿಂದ ಕಸಿ ಕೂಡಿತೆಂದು ತಿಳಿಯುತ್ತದೆ. ಆ ಜೀವಕ್ಕೆ ಬೇಕಾದದ್ದೇನೆಂದು ಅದರಿಂದ ತಿಳಿಯುವುದಿಲ್ಲ.

ಇವತ್ತು ನಮ್ಮ ಮನೆಯಲ್ಲಿ ಮತ್ತೆ ಎರಡು ತಟ್ಟೆ ಇಟ್ಟೆವು. ಹಾಗಲಕಾಯಿ ಪಲ್ಯವನ್ನು ಅವ್ವ ತಾನೇ ಮಾಡಿದ್ದಳು. ಈ ಸಲ ಗೋಡೆಗೆ ಮುಖ ಮಾಡಿ, ಸೆರಗು ಬಾಯಿಗಿಟ್ಟುಕೊಂಡು ಕೂತಳು. ಆಮೇಲೆ ಪಲ್ಯ ಇಟ್ಟ ಕಡೆಯಿಂದ ಅಕ್ಕ ತಟ್ಟೆ ಎಳೆದುಕೊಂಡ ಸದ್ದು ಬಂತು.

ಅವ್ವ ತಿರುಗದೆಯೇ ಕೇಳಿದಳು: ‘ಪಲ್ಯಕ್ಕ ಉಪ್ಪು ಸರಿ ಐತೇನವ್ವಾ?’