ಆರನೇ ನಿಯಮ

ಜೂನ್ ೧೮, ಮಂಗಳವಾರ
ಮುದ್ರಣಾಲಯ, ಊಟದ ಬಿಡುವು

ಪ್ರೀತಿಯ ಗೆಳತಿ ಗುಳಿಗೆ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಔಷಧಿ ಅಂಗಡಿಗೆ ಎರಡು ಸಲ ಬಂದೆ. ಎರಡು ಸಲವೂ ನೀನು ಒಳಗಿನ ಕಪಾಟಿನ ಹಿಂದೆ ಹೋಗಿಬಿಟ್ಟೆ, ನಿನ್ನ ಜೊತೆ ಕೆಲಸ ಮಾಡುವಾಕೆ ಏನು ಬೇಕು ಎಂದು ಕೇಳಿದಾಗ ಬಾಯಿಗೆ ಬಂದದ್ದು ಕೆಮ್ಮಿನ ಔಷಧಿ. ಈಗ ಮನೆಯಲ್ಲಿ ಎರಡು ಬಾಟಲಿ ಇವೆ, ಕೆಮ್ಮು ಇಲ್ಲ. ಮೂರನೇ ಬಾಟಲಿ ಕೊಳ್ಳುವುದಕ್ಕಿಂತ ಕಾಗದ ಬರೆಯುವುದು ವಾಸಿ ಎನಿಸಿತು.

ನನಗೆ ಏನಾಗಿದೆ ಎಂದು ಹೇಳಬೇಕೆಂದರೆ, ಏನೂ ಆಗುತ್ತಿಲ್ಲ. ನಿನ್ನೆ ಐದನೇ ತರಗತಿಯ ವಿಜ್ಞಾನ ಪುಸ್ತಕದ ನಲವತ್ತು ಪುಟ ಕರಡು ತಿದ್ದಿದೆ. ಒಂದು ತಪ್ಪೂ ಕಾಣಲಿಲ್ಲ. ಸಂಜೆ ಮೇಲ್ವಿಚಾರಕರು ಅದೇ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು ಹನ್ನೊಂದು ತಪ್ಪು ತೋರಿಸಿದರು. ಶ್ವಾಸಕೋಶದ ಚಿತ್ರದ ಕೆಳಗೆ ಮೂತ್ರಪಿಂಡ ಎಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಲ್ಲಿ ಇಂಥದ್ದು ಆಗಿರಲಿಲ್ಲ. ನಾಚಿಕೆಯಾಗಬೇಕಿತ್ತು. ಸರಿ ಸಾರ್ ಎಂದು ಪೆನ್ಸಿಲ್ ಚೂಪು ಮಾಡಿಕೊಂಡು ಮತ್ತೆ ಮೊದಲ ಪುಟದಿಂದ ಶುರು ಮಾಡಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರಪಡಬೇಡ. ಸಾಲಾಗಿ ಬರೆದುಕೊಂಡರೆ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಬೀಳುತ್ತದೆ ಎನ್ನುವುದು ನನ್ನ ಕಸುಬಿನ ಅಭ್ಯಾಸ.

ಮೂರು ವರ್ಷದ ಹಿಂದೆ ನಮ್ಮ ಚರ್ಚಿನ ಫಾದರ್ ನಮ್ಮಿಬ್ಬರನ್ನೂ ಕರೆದು, ಪೂಜೆ ಮುಗಿದ ಕೂಡಲೇ ಜನ ಬೆನ್ನಿಗೆ ಬೆಂಕಿ ಬಿದ್ದವರ ಹಾಗೆ ಮನೆಗೆ ಓಡುತ್ತಾರೆ, ಅಂಗಳದಲ್ಲಿ ನಿಂತು ಮಾತಾಡುವವರೇ ಇಲ್ಲ, ಫೋನಿನಲ್ಲಾದರೂ ಮಾತಾಡಲಿ, ಒಂದು ಗ್ರೂಪ್ ಮಾಡಿ ಎಂದರು. ಎಲ್ಲರೂ ಒಂದೇ ಥರ ಯೋಚಿಸಬೇಕೆಂದೇನಿಲ್ಲ, ಒಬ್ಬರನ್ನೊಬ್ಬರು ಕಚ್ಚದ ಹಾಗೆ ನೋಡಿಕೊಂಡರೆ ಸಾಕು ಎಂದೂ ಹೇಳಿದರು. ನಾವು ಹಾಡುವ ಅಟ್ಟದ ಮೇಲೆ ಕೂತು ನಿಯಮ ಬರೆದೆವು. ನಾಲ್ಕು ನನ್ನವು, ಬಿಗಿಮುಖದವು. ಮಾತನ್ನು ಒಪ್ಪದಿದ್ದರೂ ಆಡಿದವರನ್ನು ಬೈಯಬೇಡಿ ಎಂಬಂಥವು. ಐದನೆಯದು ನಿನ್ನದು: ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಆಮೇಲೆ ಟೈಪ್ ಮಾಡಿ. ಇದೇನು ಗುಳಿಗೆ, ಔಷಧಿ ಚೀಟಿಯಾ ಎಂದು ನಾನು ನಕ್ಕಿದ್ದೆ. ಕೊನೆಗೆ ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ. ಯಾರಾದರೂ ಜಗಳಕ್ಕೆ ನಿಂತರೆ ಇನ್ನೊಬ್ಬರು ನೀರಿನ ಲೋಟದ ಚಿತ್ರ ಹಾಕುತ್ತಿದ್ದರು.

ಬುಧವಾರದ ಪ್ರಶ್ನೆಯೂ ನಮ್ಮಿಬ್ಬರ ಕೂಸೇ. ಹೆಸರು ಹೇಳಿಕೊಂಡು ಕೇಳಲು ಸಂಕೋಚವಾದವರು ಪ್ರಶ್ನೆಯನ್ನು ಅಡ್ಮಿನ್ ಆದ ನನಗೊಬ್ಬಳಿಗೇ ಕಳಿಸುವುದು, ನಾನು ಹೆಸರು ತೆಗೆದು ಗ್ರೂಪಿಗೆ ಹಾಕುವುದು. ಯಾರದೆಂದು ಫಾದರ್‌ಗೂ ಹೇಳುತ್ತಿರಲಿಲ್ಲ. ನೀನು ಎಷ್ಟು ಗೋಗರೆದರೂ ನಿನಗೂ ಬಾಯಿ ಬಿಡಲಿಲ್ಲ.

ಏಳು ವಾರದ ಹಿಂದಿನ ಬುಧವಾರ ಹಾಕಿದ್ದು ಒಬ್ಬ ತಾಯಿಯ ಪ್ರಶ್ನೆ. ಮಗಳು ವಿಚ್ಛೇದನವಾದವನನ್ನು ಮದುವೆಯಾಗುತ್ತಿದ್ದಾಳೆ, ಚರ್ಚಿನಲ್ಲಲ್ಲ, ರಿಜಿಸ್ಟ್ರಾರ್ ಕಚೇರಿಯಲ್ಲಿ. ನಾನು ಹೋಗಬಹುದೇ? ಅಷ್ಟೇ ಇತ್ತು. ಮೊದಲು ಉತ್ತರಿಸಿದವರು ಉಪದೇಶದ ಮಾಸ್ತರರು, ನಮ್ಮ ಚರ್ಚಿನ ಅರ್ಧ ಜನಕ್ಕೆ ಚಿಕ್ಕಂದಿನಲ್ಲಿ ಮೊದಲ ಪರಮಪ್ರಸಾದದ ಪಾಠ ಹೇಳಿದವರು. ಹೋಗಬಾರದು, ಧರ್ಮಸಭೆ ಆ ಮದುವೆಯನ್ನು ಒಪ್ಪುವುದಿಲ್ಲ, ಹೋದರೆ ಸಾಕ್ಷಿ ನಿಂತ ಹಾಗೆ, ಮಗಳ ಮೇಲೆ ಪ್ರೀತಿ ಇದ್ದರೆ ಆ ಹೊತ್ತು ಮನೆಯಲ್ಲಿ ಕೂತು ಜಪಸರ ಮಾಡಲಿ ಎಂದು ಬರೆದರು. ಒರಟಾಗಿ ಬರೆದಿರಲಿಲ್ಲ. ಆಮೇಲೆ ನಿನ್ನದು. ಹೋಗಿ ಅಮ್ಮ, ಕೊನೆಯ ಸಾಲಿನಲ್ಲಿ ಕೂತು ಬನ್ನಿ, ಹೋದ ಮಾತ್ರಕ್ಕೆ ಮದುವೆಯನ್ನು ಒಪ್ಪಿದ ಹಾಗಾಗುವುದಿಲ್ಲ, ಹೋಗದಿದ್ದರೆ ಮಾತ್ರ ಮಗಳನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದೆ. ಅಲ್ಲಿಂದ ಶುರುವಾಯಿತು. ಒಬ್ಬರು ನೀನು ಜನರ ದಾರಿ ತಪ್ಪಿಸುತ್ತಿದ್ದೀ ಎಂದರು. ಇನ್ನಿಬ್ಬರು, ಈ ತಾಯಿ ಯಾರಿರಬಹುದು, ಯಾರ ಮನೆಯ ಹುಡುಗಿ ಇತ್ತೀಚೆಗೆ ಪೂಜೆಗೆ ಬರುತ್ತಿಲ್ಲ ಎಂದು ತಲೆ ಓಡಿಸತೊಡಗಿದರು. ಆಗ ನೀನು, ಅವರನ್ನು ಹುಡುಕಬೇಡಿ ಎಂದು ಗದರಿಸಿ, ನಿನ್ನ ಫೋನ್ ನಂಬರ್ ಹಾಕಿ, ಅಮ್ಮಾ ನಿಮಗೆ ಒಬ್ಬರೇ ಹೋಗೋಕೆ ಕಷ್ಟ ಆದ್ರೆ ಫೋನ್ ಮಾಡಿ, ನಾನು ಬಂದು ಪಕ್ಕದಲ್ಲಿ ಕೂರ್ತೀನಿ ಎಂದು ಬರೆದೆ.

ಅದನ್ನು ಓದಿ ಎರಡು ನಿಮಿಷಕ್ಕೆ ನಿನ್ನನ್ನು ಗ್ರೂಪಿನಿಂದ ತೆಗೆದೆ. ನಿನ್ನ ಕಾಮೆಂಟುಗಳನ್ನೂ ಅಳಿಸಿದೆ.

ಚರ್ಚೆ ಕೈಮೀರುತ್ತಿತ್ತು ಎಂದು ಫಾದರ್‌ಗೆ ಹೇಳಿದೆ. ಕೈಮೀರಿರಲಿಲ್ಲ. ಒಟ್ಟು ಹದಿನೇಳು ಕಾಮೆಂಟು, ಅದರಲ್ಲಿ ಎರಡು ನೀರಿನ ಲೋಟ. ಇನ್ನೊಂದು ವಿಷಯ ನಿನಗೆ ಗೊತ್ತಿರಲಾರದು. ಧರ್ಮಸಭೆಯ ಬೋಧನೆಗೆ ಗೊಂದಲ ತರುವ ಸ್ವಂತ ಸಲಹೆ ಕೂಡದು ಎಂಬ ಆರನೇ ನಿಯಮವನ್ನು ನೀನು ಮುರಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಆ ನಿಯಮ ಬರೆದದ್ದು ನಿನ್ನನ್ನು ತೆಗೆದು ಹತ್ತು ನಿಮಿಷವಾದ ಮೇಲೆ. ಮೊದಲ ಐದರ ಕೆಳಗೆ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ಅಂಟಿಸಿದೆ. ಯಾರೂ ಗಮನಿಸಲಿಲ್ಲ. ಅಂಥದ್ದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ಮೊನ್ನೆ ಭಾನುವಾರ ಮಾಸ್ತರರು ಚರ್ಚಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿಕೊಂಡರು. ಶಹಬ್ಬಾಸ್ ಎನ್ನುತ್ತಾರೆಂದುಕೊಂಡೆ. ಅವರ ಮಾತು ನಾನು ಒಪ್ಪಲ್ಲಮ್ಮ, ಈಗಲೂ ಒಪ್ಪಲ್ಲ, ಆದ್ರೆ ಅವರನ್ನ ತೆಗೀರಿ ಅಂತ ನಾನೆಲ್ಲಿ ಹೇಳಿದ್ದೆ ಎಂದರು. ಅವತ್ತು ನಿನಗೆ ಅರ್ಧ ಉತ್ತರ ಬರೆದಿದ್ದರಂತೆ. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ನೀನೇ ಇರಲಿಲ್ಲವಂತೆ. ಅದನ್ನ ಈಗ ಯಾರಿಗೆ ಕಳಿಸ್ಲಿ ಎಂದು ನನ್ನನ್ನೇ ಕೇಳಿದರು. ಹೊರಡುವಾಗ, ಅವರು ಹಾಡೋಕೂ ಬರ್ತಿಲ್ಲ, ಕೆಳಗಿನ ದನಿ ಇಲ್ದೆ ನಿಮ್ಮ ದನಿ ಕಿವಿಗೆ ಚುಚ್ಚುತ್ತೆ ಎಂದೂ ಸೇರಿಸಿದರು. ನಿಜವಿರಬೇಕು. ನನಗೇ ಕೇಳಿಸುತ್ತದೆ.

ಗ್ರೂಪ್ ಈಗ ಬಲು ಶಾಂತವಾಗಿದೆ. ಬೆಳಿಗ್ಗೆ ಹೂವಿನ ಚಿತ್ರ, ಅದರ ಕೆಳಗೆ ಮೂವತ್ತು ಆಮೆನ್. ಆಮೇಲಿನ ಯಾವ ಬುಧವಾರಕ್ಕೂ ಒಂದು ಪ್ರಶ್ನೆಯೂ ಬಂದಿಲ್ಲ. ಬಾಯಿ ತೆರೆದರೆ ಏನಾಗುತ್ತದೆ ಎಂದು ಜನ ನೋಡಿದ್ದಾರಲ್ಲ. ನಾನು ಎಲ್ಲ ಹೂವಿಗೂ ತಪ್ಪದೆ ಹೆಬ್ಬೆರಳಿನ ಚಿತ್ರ ಒತ್ತುತ್ತೇನೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಆರನೇ ನಿಯಮವನ್ನು ಅಳಿಸಿದೆ. ಅದನ್ನು ಯಾವಾಗ ಬರೆದೆ, ಯಾಕೆ ಬರೆದೆ, ನೀನು ಯಾವ ನಿಯಮವನ್ನೂ ಮುರಿದಿರಲಿಲ್ಲ ಎಂದು ನನ್ನ ಹೆಸರಿನಲ್ಲೇ ಗ್ರೂಪಿಗೆ ಹಾಕಿದೆ. ಯಾಕೆ ಎನ್ನುವುದನ್ನು ಮಾತ್ರ ಪೂರ್ತಿ ಬರೆಯಲಿಲ್ಲ, ಹೆದರಿದ್ದೆ ಎಂದಷ್ಟೇ ಬರೆದೆ. ಇನ್ನು ನಾನು ಅಡ್ಮಿನ್ ಆಗಿರುವುದಿಲ್ಲ ಎಂದೂ ಬರೆದೆ. ನಿನಗೆ ಮತ್ತೆ ಸೇರುವ ಕೊಂಡಿ ಕಳಿಸಿದ್ದೇನೆ. ಒತ್ತುವುದೂ ಬಿಡುವುದೂ ನಿನ್ನ ಇಷ್ಟ. ಮನಸ್ಸು ಹಗುರವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಬಸ್ಸು ಬಂತು, ಹತ್ತಿದೆ.

ನೀನು ಗ್ರೂಪಿಗೆ ಬರದಿದ್ದರೂ ಅಡ್ಡಿಯಿಲ್ಲ, ಹಾಡಲು ಬಾ. ನಿನ್ನ ಪುಸ್ತಕ ಅಲ್ಲೇ ಬೆಂಚಿನ ಮೇಲಿದೆ, ಯಾರಿಗೂ ಮುಟ್ಟಗೊಟ್ಟಿಲ್ಲ.

ಮಗಳು ಹೇಗಿದ್ದಾಳೆ ಎಂದು ನೀನು ಪ್ರತಿ ಸಲ ಕೇಳುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಚೆನ್ನಾಗಿದ್ದಾಳೆ. ಮನೆ ಬದಲಾಯಿಸಿದ್ದಾಳೆ. ಹಲ್ಲಿನ ಆಸ್ಪತ್ರೆಯ ಕೆಲಸ ಅದೇ.

ಬಿಡುವು ಮುಗಿಯಿತು. ಮೂತ್ರಪಿಂಡ ಕಾಯುತ್ತಿದೆ.

ಬೇಡವೆಂದರೂ ನಿನ್ನವಳಾದ,
ಪೆನ್ಸಿಲ್

ಮರೆತ ಮಾತು: ಹೀಗೆ ಬರೆಯುವುದು ವಾಡಿಕೆ, ಆದರೆ ಇದು ಮರೆತದ್ದಲ್ಲ. ಆ ಬುಧವಾರದ ಪ್ರಶ್ನೆ ನನ್ನದೇ. ಯಾರ ಹೆಸರನ್ನೂ ಬಿಟ್ಟುಕೊಡುವುದಿಲ್ಲ ಎಂದಿದ್ದೆನಲ್ಲ, ಇದೊಂದು ಹೆಸರನ್ನು ಬಿಟ್ಟುಕೊಡುವ ಹಕ್ಕು ನನಗಿದೆ. ನೀನು ಫೋನ್ ನಂಬರ್ ಹಾಕಿದಾಗ, ಇನ್ನೊಂದು ನಿಮಿಷ ಆ ಸಾಲು ಕಣ್ಣೆದುರಿಗಿದ್ದರೆ ನಿನಗೆ ಫೋನ್ ಮಾಡಿಬಿಡುತ್ತೇನೆ ಎಂದು ಹೆದರಿದೆ. ಅಳಿಸುವ ಮೊದಲು ನೀನು ಬರೆದದ್ದನ್ನು ಹಾಡಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮದುವೆ ಹೋದ ತಿಂಗಳು ಮೂರನೇ ಶನಿವಾರ ಆಯಿತು. ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ, ಕೊನೆಯ ಸಾಲಿನಲ್ಲಿ ಕೂತೆ. ಮಗಳು ತಿರುಗಿ ನೋಡಿ ಅತ್ತಳು. ನನಗೆ ಅಳು ಬರಲಿಲ್ಲ. ಕುರ್ಚಿ ಕಡಿಮೆಯಿದ್ದವು. ಕಚೇರಿಯ ಗುಮಾಸ್ತರು ಬಂದು, ನನ್ನ ಚೀಲ ಇದ್ದ ಪಕ್ಕದ ಕುರ್ಚಿ ತೋರಿಸಿ, ಇಲ್ಲಿ ಯಾರಾದ್ರೂ ಬರೋರಿದ್ದಾರಾ ಎಂದು ಕೇಳಿದರು. ಹೌದು, ಬರ್ತಾರೆ ಎಂದೆ. ಎಲ್ಲ ಮುಗಿಯುವವರೆಗೂ ಚೀಲ ತೆಗೆಯಲಿಲ್ಲ.